ಹಡಗಿನ ಟಿಕೆಟ್ಟಿನ ಲೆಕ್ಕವೇ ಬೇರೆ, ಇಳಿಯುವಾಗಿನ ಬಿಲ್ಲೇ ಬೇರೆ

ಹಡಗು ಪ್ರವಾಸಕ್ಕೆಂದು ಏಜೆಂಟರು ಕೊಟ್ಟ ಹಾಳೆಯ ಕೊನೆಯ ಸಾಲಿನಲ್ಲಿ "ಎಲ್ಲಾ ಸೇರಿ" ಅಂತ ಬರೆದಿತ್ತು. ಮೈಸೂರಿನ ಆ ಕಚೇರಿಯಲ್ಲಿ ಕೂತು, "ಎಲ್ಲಾ ಅಂದ್ರೆ ಏನೇನು ಸಾರ್?" ಎಂದು ಕೇಳಿದೆ. "ಊಟ, ರೂಮು, ರಾತ್ರಿ ಶೋ, ಎಲ್ಲಾ ಮೇಡಂ. ನೀವು ಬಟ್ಟೆ ತಗೊಂಡು ಹಡಗು ಹತ್ತಿದ್ರೆ ಸಾಕು" ಅಂದರು. ಮಂಡ್ಯದ ಖಜಾನೆಯಲ್ಲಿ ಮೂವತ್ತು ವರ್ಷ ಬಿಲ್ಲು ನೋಡಿದವಳು ನಾನು. ಬಿಲ್ಲಿನಲ್ಲಿ ಏನು ಬರೆದಿದೆ ಅನ್ನುವುದರ ಜೊತೆಗೆ ಏನು ಬರೆದಿಲ್ಲ ಎಂದೂ ನೋಡಬೇಕು ಅಂತ ಕಿರಿಯರಿಗೆ ಹೇಳಿಕೊಟ್ಟಿದ್ದೆ. ಆದರೆ ಅವತ್ತು ಅದಕ್ಕಿಂತ ಮುಂದೆ ಕೇಳಲಿಲ್ಲ.

2025ರ ಫೆಬ್ರವರಿಯಲ್ಲಿ ಹೋಗಿದ್ದು. ನಾನು, ನಮ್ಮ ಯಜಮಾನರು, ಮಂಡ್ಯದಲ್ಲಿರುವ ತಂಗಿ, ಅವಳ ಯಜಮಾನರು. ಸಿಂಗಪುರದಿಂದ ಹೊರಟು ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ನೋಡಿಕೊಂಡು ಮತ್ತೆ ಸಿಂಗಪುರ, ನಾಲ್ಕು ರಾತ್ರಿ. ಐದನೇ ದಿನ ಇಳಿಯುವಾಗ ನಮ್ಮಿಬ್ಬರ ಕ್ಯಾಬಿನ್ನಿನ ಬಿಲ್ಲು 394 ಅಮೆರಿಕನ್ ಡಾಲರ್. ಆಗ ಡಾಲರಿಗೆ ಸುಮಾರು 87 ರೂಪಾಯಿ ಇತ್ತು. ಅಂದರೆ "ಎಲ್ಲಾ ಸೇರಿ" ಅಂದದ್ದರ ಮೇಲೆ ಇನ್ನೂ 34 ಸಾವಿರಕ್ಕೆ ಸ್ವಲ್ಪ ಹೆಚ್ಚು. ಅದರಲ್ಲಿ ಒಂದಿಷ್ಟು ನಾವೇ ತಿಳಿದು ಖರ್ಚು ಮಾಡಿದ್ದು, ಅದಕ್ಕೆ ಬೇಸರವಿಲ್ಲ. ತಿಳಿಯದೆ ಹೋದದ್ದಕ್ಕೆ ಬೇಸರವಿದೆ. ಈಗ ನಮ್ಮ ಬೀದಿಯಲ್ಲೇ ಎರಡು ಮನೆಯವರು ಹೊರಟಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ದೊಡ್ಡ ಮೊತ್ತದಿಂದ ಶುರುಮಾಡುತ್ತೇನೆ. ಗ್ರಾಚ್ಯುಯಿಟಿ ಅಂದರೆ ನಮ್ಮಂಥ ಸರ್ಕಾರಿ ನೌಕರರಿಗೆ ನಿವೃತ್ತಿಯಾದಾಗ ಕೈಗೆ ಬರುವ ಹಣ. ಹಡಗಿನಲ್ಲಿ ಅದು ನಾವು ಕೊಡುವ ಹಣ, ಅಂದರೆ ಟಿಪ್ಸು. ಕ್ಯಾಬಿನ್ ಗುಡಿಸುವವರಿಗೆ, ಊಟ ಬಡಿಸುವವರಿಗೆ, ಕಣ್ಣಿಗೆ ಬೀಳದೆ ಬಟ್ಟೆ ಒಗೆಯುವವರಿಗೆ ಅಂತ ತಲೆಗೆ ದಿನಕ್ಕೆ ಇಷ್ಟು ಎಂದು ತಾನೇ ತಾನಾಗಿ ನಮ್ಮ ಕ್ಯಾಬಿನ್ ಖಾತೆಗೆ ಹತ್ತುತ್ತದೆ. ನಮಗೆ ತಲೆಗೆ 18 ಡಾಲರ್. ಇಬ್ಬರಿಗೆ ನಾಲ್ಕು ರಾತ್ರಿಗೆ 144. ಪುಟ್ಟ ಮಕ್ಕಳಿಗೂ ಇದನ್ನು ಹಾಕುವ ಹಡಗುಗಳಿವೆ, ಹಾಗಾಗಿ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗುವವರು ತಲೆ ಎಣಿಸಿಯೇ ಗುಣಿಸಿಕೊಳ್ಳಿ. ಬುಕ್ ಮಾಡುವಾಗಲೇ ಕಟ್ಟಿಬಿಡುವ ಅವಕಾಶವೂ ಇರುತ್ತದೆ. ನನಗೆ ಅದೇ ಸರಿ ಅನಿಸುತ್ತದೆ, ರಜೆ ಮುಗಿಸಿ ಇಳಿಯುವ ದಿನ ಒಟ್ಟಿಗೆ ಹೊರೆ ಬೀಳುವುದಿಲ್ಲ.

ಕೌಂಟರಿಗೆ ಹೋಗಿ ಇದನ್ನು ತೆಗೆಸಬಹುದು ಎಂದು ಊಟದ ಮೇಜಿನಲ್ಲಿ ಯಾರೋ ಹೇಳಿದರು. ನಾವು ತೆಗೆಸಲಿಲ್ಲ. ನಮ್ಮ ಕ್ಯಾಬಿನ್ ನೋಡಿಕೊಳ್ಳುತ್ತಿದ್ದ ಹುಡುಗ ಗೋವಾದವನು. ಏಳೆಂಟು ತಿಂಗಳು ಮನೆ ಬಿಟ್ಟಿರುತ್ತೇನೆ ಆಂಟಿ, ಮಗಳು ಹುಟ್ಟಿದ್ದನ್ನು ವಿಡಿಯೋದಲ್ಲಿ ನೋಡಿದೆ ಅಂದ. ಅವನ ಪಾಲಿನ ಹಣಕ್ಕೆ ಕೈಹಾಕಲು ನನಗೆ ಮನಸ್ಸು ಬರಲಿಲ್ಲ. ನನ್ನ ತಕರಾರು ಆ ಹಣದ ಮೇಲಲ್ಲ, ಅದನ್ನು ಮೊದಲೇ ಹೇಳದ ಏಜೆಂಟರ ಮೇಲೆ.

ಇದೇ ಟಿಪ್ಸಿನ ಇನ್ನೊಂದು ರೂಪ ಕಾಫಿ ಅಂಗಡಿಯಲ್ಲಿ ಸಿಕ್ಕಿತು. ಬಫೆಯಲ್ಲಿ ಕಾಫಿ, ಟೀ, ನೀರು ಎಲ್ಲ ಉಚಿತ, ಆದರೆ ಕಾಫಿ ನಮ್ಮ ಬಾಯಿಗೆ ತೀರಾ ನೀರು. ಮೂರನೇ ದಿನ ಯಜಮಾನರು ತಡೆಯಲಾರದೆ, "ಬಾ, ದುಡ್ಡು ಕೊಟ್ಟಾದರೂ ಒಂದು ಒಳ್ಳೇ ಕಾಫಿ ಕುಡಿಯೋಣ" ಅಂತ ಕೆಳಗಿನ ಡೆಕ್ಕಿನ ಅಂಗಡಿಗೆ ಕರೆದುಕೊಂಡು ಹೋದರು. ಎರಡು ಕಾಫಿಗೆ ಸಹಿ ಮಾಡಲು ಚೀಟಿ ಬಂತು. ಕನ್ನಡಕ ಹಾಕಿಕೊಂಡು ನೋಡಿದೆ. ಕಾಫಿಯ ಬೆಲೆಯ ಕೆಳಗೆ 18% ಸೇವಾ ಶುಲ್ಕ ಆಗಲೇ ಸೇರಿತ್ತು. ಅದರ ಕೆಳಗೆ ಒಟ್ಟು. ಒಟ್ಟಿನ ಕೆಳಗೆ ಮತ್ತೊಂದು ಖಾಲಿ ಗೆರೆ: ಹೆಚ್ಚುವರಿ ಟಿಪ್ಸ್. ಯಜಮಾನರ ಪೆನ್ನು ಆಗಲೇ ಆ ಗೆರೆಯ ಮೇಲಿತ್ತು. "ರೀ, ಮೇಲೆ ಸೇರಿಸಿಬಿಟ್ಟಿದಾರೆ, ನೋಡಿ" ಅಂದೆ. ಅಲ್ಲಿ ಅಡ್ಡ ಗೆರೆ ಎಳೆದು ಕೆಳಗೆ ಸಹಿ ಮಾಡಿದರು. ಪಕ್ಕದ ಮೇಜಿನ ದಂಪತಿ ಆ ಖಾಲಿ ಜಾಗದಲ್ಲಿ ಎರಡು ಡಾಲರ್ ಬರೆದರು. ಎರಡನೇ ಸಲ ಕೊಡುವುದು ಅವರವರ ಇಷ್ಟ, ಎರಡನೇ ಸಲ ಅನ್ನುವುದು ಗೊತ್ತಿದ್ದರೆ ಸರಿ.

ಮೊದಲ ದಿನ ಕ್ಯಾಬಿನ್ನಿಗೆ ಹೋದಾಗ ಮೇಜಿನ ಮೇಲೆ ಎರಡು ನೀರಿನ ಬಾಟಲಿ ನಿಂತಿದ್ದವು. ಲಾಡ್ಜುಗಳಲ್ಲಿ ಇಡುವ ಹಾಗೆ ಇದೂ ಪುಕ್ಕಟೆ ಅಂದುಕೊಂಡು ಕುಡಿದೆವು. ಬಾಟಲಿಯ ಕುತ್ತಿಗೆಗೆ ಸಿಕ್ಕಿಸಿದ್ದ ಕಾಗದದ ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ ಬೆಲೆ ಇತ್ತು, ಒಂದಕ್ಕೆ 4 ಡಾಲರ್. ಅದರ ಮೇಲೂ ಸೇವಾ ಶುಲ್ಕ. ಕ್ಯಾಬಿನ್ನಿನಲ್ಲಿ ಏನೇ ಕಂಡರೂ ಮೊದಲು ಅದರ ಚೀಟಿ ಓದಿ, ಇಲ್ಲವೇ ಹುಡುಗನನ್ನು ಕೇಳಿ. ಎರಡನೇ ದಿನದಿಂದ ನಾವು ಬಫೆಯಲ್ಲಿ ಲೋಟಕ್ಕೆ ನೀರು ಹಿಡಿದು, ಊರಿಂದ ತಂದ ಸ್ಟೀಲ್ ಬಾಟಲಿಗೆ ತುಂಬಿಕೊಂಡೆವು.

ಪಾನೀಯಗಳ ಪ್ಯಾಕೇಜು ನಮಗೆ ಬೇಕಿರಲಿಲ್ಲ. ಆದರೆ ಬೆಳೆದ ಮಕ್ಕಳ ಜೊತೆ ಹೋಗುವವರಿಗೆ ಒಂದು ಮಾತು: ಮದ್ಯದ ಪ್ಯಾಕೇಜನ್ನು ಒಬ್ಬರು ತೆಗೆದುಕೊಂಡರೆ ಅದೇ ಕ್ಯಾಬಿನ್ನಿನ ಇನ್ನೊಬ್ಬ ದೊಡ್ಡವರೂ ತೆಗೆದುಕೊಳ್ಳಲೇಬೇಕು ಎಂಬ ನಿಯಮ ಹಲವು ಹಡಗುಗಳಲ್ಲಿದೆ. ಹೆಂಡತಿ ಮುಟ್ಟದಿದ್ದರೂ ಗಂಡನಿಗಾಗಿ ಇಬ್ಬರದೂ ಕಟ್ಟಬೇಕಾಗುತ್ತದೆ.

ಇಂಟರ್ನೆಟ್ಟಿಗೆ ದಿನಕ್ಕೆ, ಒಂದು ಫೋನಿಗೆ 20 ಡಾಲರ್. ಬೆಂಗಳೂರಿನ ಮಗಳಿಗೆ ದಿನಾ ಮೆಸೇಜ್ ಹಾಕಲೆಂದು ಒಂದೇ ಫೋನಿಗೆ ತೆಗೆದುಕೊಂಡೆವು, 80 ಆಯಿತು. ಈಗ ಯೋಚಿಸಿದರೆ ಅದೂ ಬೇಕಿರಲಿಲ್ಲ, ಪೆನಾಂಗ್, ಫುಕೆಟ್ ಎರಡೂ ಕಡೆ ದಡದಲ್ಲೇ ಸಿಗ್ನಲ್ ಸಿಗುತ್ತದೆ. ಇದಕ್ಕಿಂತ ಮುಖ್ಯವಾದದ್ದು, ಹಡಗು ಬಂದರು ಬಿಡುತ್ತಿದ್ದಂತೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿಬಿಡಿ. ದಡದ ಟವರ್ ತಪ್ಪಿದ ಮೇಲೆ ಫೋನು ಹಡಗಿನ ಉಪಗ್ರಹ ನೆಟ್‌ವರ್ಕನ್ನು ತಾನೇ ಹಿಡಿದುಕೊಳ್ಳುತ್ತದೆ. ನಮ್ಮ ಸಾಮಾನ್ಯ ರೋಮಿಂಗ್ ಪ್ಯಾಕಿನಲ್ಲಿ ಅದು ಸೇರಿರುವುದಿಲ್ಲ. ಏರೋಪ್ಲೇನ್ ಮೋಡಿನಲ್ಲೇ ವೈಫೈ ಹಾಕಿಕೊಳ್ಳಬಹುದು.

ಹಡಗು ಹತ್ತಿದ ದಿನದ ಒಂದು ಸಂಗತಿಯನ್ನು ಮರೆಯಲಾರೆ. ಸಿಂಗಪುರದ ಮರೀನಾ ಬೇ ಕ್ರೂಸ್ ಸೆಂಟರಿನಲ್ಲಿ ದೊಡ್ಡ ಸೂಟ್‌ಕೇಸುಗಳಿಗೆ ಚೀಟಿ ಕಟ್ಟಿ ಹಮಾಲರ ಕೈಗೆ ಕೊಟ್ಟೆವು. ಅವರೇ ಕ್ಯಾಬಿನ್ ಬಾಗಿಲಿಗೆ ತರುತ್ತಾರೆ. ತಂಗಿಯ ಯಜಮಾನರಿಗೆ ಸಕ್ಕರೆ ಕಾಯಿಲೆ, ರಾತ್ರಿ ಊಟಕ್ಕೆ ಮೊದಲು ಇನ್ಸುಲಿನ್ ತೆಗೆದುಕೊಳ್ಳಬೇಕು. ಅದನ್ನು ಚುಚ್ಚಿಕೊಳ್ಳುವ ಪೆನ್ನು ಸೂಟ್‌ಕೇಸಿನಲ್ಲಿತ್ತು. ಆರು ಗಂಟೆಯಾಯಿತು, ಏಳಾಯಿತು, ಬಾಗಿಲ ಮುಂದೆ ಪೆಟ್ಟಿಗೆ ಇಲ್ಲ. ತಂಗಿ ಕಾರಿಡಾರಿನ ಉದ್ದಕ್ಕೂ ಓಡಾಡುತ್ತಾ, "ಅಕ್ಕ, ನಾನೇ ಅದರಲ್ಲಿಟ್ಟೆ ಕಣಕ್ಕ" ಅಂತ ಅಳುವುದಕ್ಕೇ ಶುರುಮಾಡಿದಳು. ಸಾವಿರಾರು ಜನರ ಪೆಟ್ಟಿಗೆಗಳಲ್ಲಿ ನಮ್ಮದು ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಏಳೂಮುಕ್ಕಾಲಿಗೆ ಬಂತು. ಅಷ್ಟು ಹೊತ್ತೂ ಅವರು ಒಂದು ಬಿಸ್ಕತ್ತೂ ಬಾಯಿಗಿಡದೆ ಮಂಚದ ಮೇಲೆ ಕೂತಿದ್ದರು. ಔಷಧಿ, ಪಾಸ್‌ಪೋರ್ಟು, ಡಾಕ್ಟರ ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಇಳಿಯುವ ಹಿಂದಿನ ರಾತ್ರಿಯೂ ಹೀಗೇ, ಪೆಟ್ಟಿಗೆಯನ್ನು ಬಾಗಿಲಾಚೆ ಇಡಬೇಕು, ಬೆಳಿಗ್ಗೆ ಬೇಕಾದದ್ದನ್ನು ತೆಗೆದಿಟ್ಟುಕೊಳ್ಳಿ. ಬಳಸಿದ ಸೂಜಿ ಹಾಕಲು ಡಬ್ಬಿ ಕೇಳಿದರೆ ಕ್ಯಾಬಿನ್ ಹುಡುಗನೇ ತಂದುಕೊಡುತ್ತಾನೆ, ಅದಕ್ಕೆ ಹಣವಿಲ್ಲ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಆದರೆ ಅವರನ್ನು ಕಂಡರೆ ಡಾಲರಿನಲ್ಲಿ ಶುಲ್ಕ, ಅದೂ ಕ್ಯಾಬಿನ್ ಖಾತೆಗೇ. ಪ್ರವಾಸದ ವಿಮೆ ಇಲ್ಲದೆ ಹೋಗಬೇಡಿ. ವಿಮೆಯ ಹಣ ಕೇಳಲು ಡಾಕ್ಟರ ಬಿಲ್ಲಿನ ಮೂಲಪ್ರತಿ ಜೋಪಾನ.

ತಂಗಿ ಗಂಜಿಗೆಂದು ತಂದಿದ್ದ ಪುಟ್ಟ ಕರೆಂಟ್ ಕೆಟಲನ್ನು ಸ್ಕ್ಯಾನಿಂಗಿನಲ್ಲಿ ಎತ್ತಿಟ್ಟುಕೊಂಡು ಇಳಿಯುವಾಗ ವಾಪಸ್ ಕೊಟ್ಟರು. ಇಸ್ತ್ರಿಪೆಟ್ಟಿಗೆಯೂ ಬಿಡುವುದಿಲ್ಲ, ಸಮುದ್ರದ ಮಧ್ಯೆ ಬೆಂಕಿ ಎಂದರೆ ಓಡಲು ಜಾಗವಿಲ್ಲ. ಚಟ್ನಿಪುಡಿ, ಕೋಡುಬಳೆ ಪ್ಯಾಕು ಮಾಡಿದ್ದರಿಂದ ತೊಂದರೆಯಾಗಲಿಲ್ಲ. ಊಟದ ಬಗ್ಗೆ ಮೊದಲ ರಾತ್ರಿಯೇ ಡೈನಿಂಗ್ ಹಾಲಿನ ಮುಖ್ಯಸ್ಥರಿಗೆ "ಇಂಡಿಯನ್ ವೆಜಿಟೇರಿಯನ್" ಎಂದು ಹೇಳಿದೆವು. ಮರುದಿನದಿಂದ ಅನ್ನ, ಬೇಳೆ, ಪಲ್ಯ ಬಂತು, ಬೇರೆ ಹಣವಿಲ್ಲ. ಬೇರೆ ಹೆಸರಿನ ವಿಶೇಷ ಹೋಟೆಲುಗಳು ಹಡಗಿನೊಳಗೇ ಇರುತ್ತವೆ, ಅಲ್ಲಿ ತಲೆಗೆ ಇಷ್ಟು ಎಂದು ಪ್ರತ್ಯೇಕ. ಅಲ್ಲಿಗೆ ಹೋಗಲಿಲ್ಲ.

ಹತ್ತಿದ ದಿನದ ಸುರಕ್ಷತಾ ಡ್ರಿಲ್ಲಿಗೆ ಉದಾಸೀನ ಮಾಡಬೇಡಿ. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಪ್ರವಾಸಿ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಅದೇ ದಿನ ಹತ್ತಿದ್ದ ನೂರಾರು ಜನರಿಗೆ ಇನ್ನೂ ಡ್ರಿಲ್ಲೇ ಆಗಿರಲಿಲ್ಲ. ಈಗ ಹಡಗು ಹೊರಡುವ ಮೊದಲೇ, ಇಲ್ಲವೇ ಹೊರಟ ಕೂಡಲೇ ಅದು ನಡೆಯಬೇಕು.

ದಡಕ್ಕಿಳಿದು ಸುತ್ತುವ ಟೂರುಗಳಲ್ಲಿ ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಅನ್ನುವುದು ನನ್ನ ಮಟ್ಟಿಗೆ ಸ್ಪಷ್ಟವಾಯಿತು. ಪೆನಾಂಗಿನಲ್ಲಿ ಹಡಗು ಜಾರ್ಜ್ ಟೌನಿನ ಸ್ವೆಟೆನ್‌ಹ್ಯಾಮ್ ಕಟ್ಟೆಗೇ ಬಂದು ನಿಲ್ಲುತ್ತದೆ, ಇಳಿದರೆ ಊರು. ಹಡಗಿನ ಟೂರು ಬೇಡ ಎಂದು ನಾಲ್ಕು ಜನ ನಡೆದೇ ಹೊರಟೆವು. ಕಾಲು ಗಂಟೆಯೊಳಗೆ ಕ್ವೀನ್ ಸ್ಟ್ರೀಟಿನ ಮಹಾಮಾರಿಯಮ್ಮನ ಗುಡಿ. 1833ರದು, ಪೆನಾಂಗಿನ ಅತಿ ಹಳೆಯ ಹಿಂದೂ ದೇವಸ್ಥಾನ. ಸುತ್ತ ಲಿಟಲ್ ಇಂಡಿಯಾ. ಹೂವಿನ ಅಂಗಡಿ, ದೋಸೆ ಹುಯ್ಯುವ ಸದ್ದು, ಒಗ್ಗರಣೆ ವಾಸನೆ. ದೇವರಾಜ ಮಾರುಕಟ್ಟೆಯ ಪಕ್ಕದ ಬೀದಿಗೆ ಬಂದ ಹಾಗೆ ತಂಗಿ ಮುಖ ಅರಳಿಸಿದಳು. ಊರೊಳಗೆ ಉಚಿತ ಬಸ್ಸೂ ಓಡಾಡುತ್ತದೆ. ಟೂರಿಗೆ ಕೊಡಬೇಕಾದ ಹಣ ಅಲ್ಲಿ ಪೂರ್ತಿ ಉಳಿಯಿತು.

ಫುಕೆಟ್ ಹಾಗಲ್ಲ. ಹಡಗು ಅಲ್ಲಿನ ಪಟಾಂಗ್ ಕಡಲತೀರದ ಎದುರು ಸಮುದ್ರದಲ್ಲೇ ಲಂಗರು ಹಾಕಿತು. ಅಲ್ಲಿಂದ ಸಣ್ಣ ದೋಣಿಗಳಲ್ಲಿ ದಡಕ್ಕೆ. ಅಲ್ಲಿ ಹಡಗಿನ ಟೂರನ್ನೇ ತೆಗೆದುಕೊಂಡೆವು, ತಲೆಗೆ 65 ಡಾಲರ್. ಹಡಗಿನವರ ಟೂರು ತಡವಾದರೆ ಹಡಗು ಕಾಯುತ್ತದೆ. ನಾವೇ ಟ್ಯಾಕ್ಸಿ ಮಾಡಿಕೊಂಡು ಹೋಗಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಕಾಯುವುದಿಲ್ಲ, ಮುಂದಿನ ಊರಿಗೆ ನಮ್ಮ ಖರ್ಚಿನಲ್ಲಿ ಹೋಗಬೇಕು. ಇನ್ನೊಂದು ಸೂಕ್ಷ್ಮ: ಥಾಯ್ಲೆಂಡಿನ ಗಂಟೆ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ದಡಕ್ಕೆ ಬಂದ ಕೂಡಲೇ ಫೋನು ತಾನೇ ಥಾಯ್ ಸಮಯಕ್ಕೆ ತಿರುಗುತ್ತದೆ, ಹಡಗು ಮಾತ್ರ ತನ್ನ ಸಮಯದಲ್ಲೇ ನಡೆಯುತ್ತದೆ. ನಾಲ್ಕೂವರೆಗೆ ಹತ್ತಿರಬೇಕು ಎಂದರೆ ಫೋನಿನಲ್ಲಿ ಅದು ಮೂರೂವರೆ. ಯಜಮಾನರ ಕೈಗಡಿಯಾರವನ್ನು ಹಡಗಿನ ಸಮಯಕ್ಕೇ ಇಟ್ಟು, ಅವತ್ತೆಲ್ಲ ಅದನ್ನೇ ನೋಡಿಕೊಂಡೆವು.

ಮೂರನೇ ದಿನ ಸಂಜೆ ಕ್ಯಾಬಿನ್ನಿನ ಟಿವಿಯಲ್ಲಿ ಖಾತೆ ತೆರೆದು ನೋಡಿದೆ. ಬಾರಿನಲ್ಲಿ ಎರಡು ಕಾಕ್‌ಟೇಲ್ ಎಂದಿತ್ತು. ನಾವು ಬಾರಿನ ಕಡೆ ಹೋದವರೇ ಅಲ್ಲ. ಕೌಂಟರಿಗೆ ಹೋಗಿ ಸಹಿ ಇರುವ ಚೀಟಿ ತೋರಿಸಿ ಎಂದೆ. ತೆಗೆದರು, ಪಕ್ಕದ ಕ್ಯಾಬಿನ್ನಿನವರ ಸಹಿ. ತಕ್ಷಣ ತೆಗೆದುಹಾಕಿದರು. ಕೊನೆಯ ಬೆಳಿಗ್ಗೆ ಆ ಕೌಂಟರಿನ ಮುಂದಿನ ಸಾಲು ಮೆಟ್ಟಿಲವರೆಗೆ ಬೆಳೆದಿತ್ತು. ಪ್ರತಿ ಸಂಜೆ ಖಾತೆ ನೋಡುವುದಕ್ಕೆ ಎರಡು ನಿಮಿಷ ಸಾಕು.

ಹಡಗಿನೊಳಗೆ ಎಲ್ಲದಕ್ಕೂ ಕ್ಯಾಬಿನ್ ಕಾರ್ಡೇ, ಅದರ ಹಿಂದೆ ನಮ್ಮ ಬ್ಯಾಂಕ್ ಕಾರ್ಡು. ಡೆಬಿಟ್ ಕಾರ್ಡು ಕೊಡಬೇಡಿ. ಅವರು ಮುಂಗಡವಾಗಿ ಒಂದು ಮೊತ್ತವನ್ನು ತಡೆಹಿಡಿಯುತ್ತಾರೆ, ಇಳಿದ ಮೇಲೂ ಅದು ಬಿಡುಗಡೆಯಾಗಲು ದಿನಗಳು ಬೇಕು, ಅಷ್ಟು ದಿನ ನಮ್ಮ ಹಣ ನಮಗಿಲ್ಲ. ಕ್ರೆಡಿಟ್ ಕಾರ್ಡು ಕೊಟ್ಟಿದ್ದೆ. ಅದಕ್ಕೂ ವೆಚ್ಚವಿದೆ: ನನ್ನ ಕಾರ್ಡಿಗೆ ವಿದೇಶಿ ವಹಿವಾಟಿನ ಮೇಲೆ 3.5%, ಆ ಶುಲ್ಕದ ಮೇಲೆ 18% ಜಿಎಸ್‌ಟಿ. ಲೆಕ್ಕ ಹಾಕಿದರೆ ನೂರು ರೂಪಾಯಿಗೆ 4 ರೂಪಾಯಿ 13 ಪೈಸೆ. ದಡದ ಅಂಗಡಿಗಳಲ್ಲಿ ಮೆಷಿನ್ನು "ರೂಪಾಯಿಯಲ್ಲಿ ಕಟ್ಟುತ್ತೀರಾ?" ಎಂದು ಕೇಳಿದರೆ ಬೇಡವೆನ್ನಿ, ಆ ದರ ಇನ್ನೂ ದುಬಾರಿ. ಹಡಗಿನ ಫೋಟೋಗ್ರಾಫರ್ ತೆಗೆದ ನಾಲ್ವರ ಒಂದು ಫೋಟೋಗೆ 20 ಡಾಲರ್ ಕೊಟ್ಟೆವು. ಅದು ಈಗ ನಮ್ಮ ಹಾಲಿನ ಗೋಡೆಯ ಮೇಲಿದೆ.

ಹೊರಡುವ ಮುನ್ನಿನ ಎರಡು ಮಾತು ಬಿಟ್ಟುಹೋಯಿತು. ಹಡಗು ಹೊರಡುವ ದಿನವೇ ವಿಮಾನದಲ್ಲಿ ಹೋಗಿ ಇಳಿಯುವ ಸಾಹಸ ಬೇಡ. ನಾವು ಮೈಸೂರಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗುವ ಫ್ಲೈಬಸ್ ಹಿಡಿದು ಒಂದು ದಿನ ಮುಂಚೆಯೇ ಸಿಂಗಪುರ ಸೇರಿದೆವು. ಸಿಂಗಪುರದ ವೀಸಾ ಹಲವು ಬಾರಿ ಪ್ರವೇಶಕ್ಕೆ ಇರುವುದೇ ಆಗಬೇಕು, ಹಡಗಿನಲ್ಲಿ ಹೋಗಿ ಮತ್ತೆ ಅಲ್ಲಿಗೇ ಬಂದು ಇಳಿಯುತ್ತೇವಲ್ಲ.

ಇನ್ನು ಟಿಸಿಎಸ್, ಅಂದರೆ ನಾವು ಹಣ ಕಟ್ಟುವಾಗಲೇ ಏಜೆಂಟರು ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ. ವಿದೇಶ ಪ್ರವಾಸದ ಪ್ಯಾಕೇಜಿಗೆ ಏಜೆಂಟರು ಆಗ 5% ಹಿಡಿದಿದ್ದರು. ಈ ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ, ಬುಕ್ ಮಾಡುವ ದಿನದ್ದನ್ನು ಕೇಳಿಕೊಳ್ಳಿ. ನಾಲ್ವರ ಹಣವನ್ನೂ ನನ್ನ ಪ್ಯಾನ್ ಕೊಟ್ಟು ಕಟ್ಟಿದ್ದೆ, 4 ಲಕ್ಷ 80 ಸಾವಿರಕ್ಕೆ 24 ಸಾವಿರ. ಇದು ಹೋದ ಹಣವಲ್ಲ, ಯಾರ ಪ್ಯಾನೋ ಅವರ ತೆರಿಗೆ ಲೆಕ್ಕಕ್ಕೆ ಜಮೆ. ಏಪ್ರಿಲ್ ಕಳೆದ ಮೇಲೆ 26ಎಎಸ್, ಅಂದರೆ ನಮ್ಮ ಪ್ಯಾನಿಗೆ ಜಮೆಯಾದ ತೆರಿಗೆಯ ಪಟ್ಟಿ, ತೆಗೆದು ನೋಡಿದರೆ ನಮೂದೇ ಇರಲಿಲ್ಲ. ಏಜೆಂಟರ ಕಚೇರಿಗೆ ಎರಡು ಸಲ ಹೋಗಿ ಬಂದ ಮೇಲೆ ಅವರು ಸರಿಪಡಿಸಿ ಸಲ್ಲಿಸಿದರು. ಜುಲೈನಲ್ಲಿ ರಿಟರ್ನ್ಸ್ ಹಾಕಿದೆ, ರೀಫಂಡಿನಲ್ಲಿ ಅದೂ ಸೇರಿ ಬಂತು. ಅವತ್ತೇ ಸಂಜೆ ತಂಗಿಯ ಪಾಲಿನ 12 ಸಾವಿರವನ್ನು ಅವಳಿಗೆ ಕಳಿಸಿ, ಫೋನ್ ಮಾಡಿ ಯಾವುದರ ಹಣ ಎಂದು ಹೇಳಿದೆ.