ಕಲಬುರಗಿಯ ಬಿಸಿಲಲ್ಲಿ ಮಾಸ್, ಫರ್ನ್ ತೊಟ್ಟಿ: ನನ್ನ ಅನುಭವ

ಕಲಬುರಗಿಯಲ್ಲಿ ಅಕ್ವೇರಿಯಂ ಒಳಗೆ ಗಿಡ ಬೆಳೆಸುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ. "ಈ ಬಿಸಿಲಾಗ ಹ್ಯಾಂಗ್ರೀ ಉಳೀತಾವ?" ಕೇಳುವುದು ಸರಿಯೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಹೊಸದೇನಲ್ಲ. ಮಧ್ಯಾಹ್ನ ಮಾಳಿಗೆ ಮೇಲಿನ ಟ್ಯಾಂಕಿನಿಂದ ಬರುವ ನೀರಿಗೆ ಕೈ ಒಡ್ಡುವುದೇ ಕಷ್ಟ. ಬೋರ್ ನೀರಂತೂ ಪಾತ್ರೆಗೆ ಬಿಳಿ ಪದರ ಕಟ್ಟುವಷ್ಟು ಗಡಸು.

ಈ ಎರಡನ್ನೂ ನೋಡಿಯೇ ನಾನು ಮಾಸ್ ಮತ್ತು ಫರ್ನ್ ಆರಿಸಿಕೊಂಡೆ. ಕೆಂಪು ಎಲೆಯ ಗಿಡಗಳು ಚೆಂದ, ಆದರೆ ಅವಕ್ಕೆ ಜಾಸ್ತಿ ಬೆಳಕು ಬೇಕು, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬೇಕು, ಗೊಬ್ಬರದ ಮಣ್ಣು ಬೇಕು. ಮಾಸ್ ಅಂದರೆ ಹಾವಸೆ ಜಾತಿಯ ಗಿಡ. ಅದಕ್ಕೆ ನಿಜವಾದ ಬೇರೇ ಇಲ್ಲ. ನೀರಿನಲ್ಲಿ ಕರಗಿರುವ ಸತ್ವವನ್ನು ಎಲೆಯಿಂದಲೇ ಹೀರಿಕೊಳ್ಳುತ್ತದೆ. ಫರ್ನ್ ಅಂದರೆ ಜರೀಗಿಡ. ಜಾವಾ ಫರ್ನ್ ಆಗ್ನೇಯ ಏಷ್ಯಾದ ಕಾಡು ಹಳ್ಳಗಳ ದಂಡೆಯಲ್ಲಿ, ಕಲ್ಲಿಗೆ, ಮರದ ಬೇರಿಗೆ ಅಂಟಿಕೊಂಡು ನೆರಳಲ್ಲಿ ಬೆಳೆಯುವ ಗಿಡ. ಎರಡಕ್ಕೂ ಮಂದ ಬೆಳಕು ಸಾಕು. ಬೆಳಕು ಕಡಿಮೆಯಾದರೆ ಪಾಚಿ ಕಡಿಮೆ, ನೀರು ಕಾಯುವುದೂ ಕಡಿಮೆ. ನಮ್ಮಂಥ ಊರಿಗೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಕಂಡಿಲ್ಲ.

ನನ್ನ ತೊಟ್ಟಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ್ದು. ಕಲ್ಲು, ಜಲ್ಲಿ ಹಾಕಿದ ಮೇಲೆ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಇದಕ್ಕಿಂತ ಸಣ್ಣದು ಬೇಡ. ಸಣ್ಣ ತೊಟ್ಟಿ ಮಧ್ಯಾಹ್ನ ಬೇಗ ಕಾಯುತ್ತದೆ, ರಾತ್ರಿ ಬೇಗ ಆರುತ್ತದೆ, ಆ ಏರಿಳಿತವೇ ಗಿಡಕ್ಕೂ ಮೀನಿಗೂ ಕಷ್ಟ. ಕಿಟಕಿಯಿಂದ ದೂರ, ಪಡುವಣ ಬಿಸಿಲು ಬೀಳದ ಒಳಗಿನ ಗೋಡೆಗೆ ಇಟ್ಟಿದ್ದೇನೆ. ಏರ್ ಪಂಪಿನಿಂದ ನಡೆಯುವ ಒಂದು ಸ್ಪಂಜ್ ಫಿಲ್ಟರ್, ಒಂದು ಸಾದಾ ಎಲ್‌ಇಡಿ, ಒಂದು ಟೈಮರ್. ದೀಪ ದಿನಕ್ಕೆ ಆರು ಗಂಟೆ ಮಾತ್ರ ಉರಿಯುತ್ತದೆ. ತಳಕ್ಕೆ ತೊಳೆದ ಜಲ್ಲಿ ಬಿಟ್ಟರೆ ಮಣ್ಣು, ಗೊಬ್ಬರ ಏನೂ ಇಲ್ಲ.

ಗಿಡ ಮಣ್ಣಿನಲ್ಲಿ ಇರುವುದಿಲ್ಲ ಅಂದ ಮೇಲೆ ಕಲ್ಲೇ ಮುಖ್ಯವಾಗುತ್ತದೆ, ಅಲ್ವಾ? ಕಲ್ಲಿನ ವಿಷಯದಲ್ಲಿ ನಮ್ಮ ಭಾಗದವರು ಸ್ವಲ್ಪ ಎಚ್ಚರ ಇರಬೇಕು. ಇಲ್ಲಿ ನೆಲಕ್ಕೆ, ಕಟ್ಟೆಗೆ, ಮೆಟ್ಟಿಲಿಗೆ ಎಲ್ಲದಕ್ಕೂ ಶಹಾಬಾದ್ ಫರಸಿ. ಕೈಗೆ ಮೊದಲು ಸಿಗುವುದೂ ಅದರ ಚೂರೇ. ಆದರೆ ಅದು ಸುಣ್ಣದ ಕಲ್ಲು. ನೀರಿನಲ್ಲಿದ್ದರೆ ನಿಧಾನಕ್ಕೆ ಕರಗಿ, ಮೊದಲೇ ಗಡಸಾದ ನೀರನ್ನು ಇನ್ನೂ ಗಡಸು ಮಾಡುತ್ತದೆ. ಕಾಗಿಣಾ ನದಿ ಹರಿಯುವ ಸೇಡಂ, ಚಿತ್ತಾಪುರದ ಕಡೆಯೂ ಸುಣ್ಣದ ಕಲ್ಲಿನ ನೆಲವೇ. ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಬಂದದ್ದೇ ಅದಕ್ಕೆ. ಹಾಗಾಗಿ ನದಿಯ ನುಣುಪು ಕಲ್ಲನ್ನೂ ಪರೀಕ್ಷೆ ಮಾಡದೆ ಹಾಕಬೇಡಿ. ಪರೀಕ್ಷೆ ಸುಲಭ. ಕಲ್ಲನ್ನು ತೊಳೆದು, ಒಣಗಿಸಿ, ಒಂದು ಮೂಲೆ ಒಡೆದು, ಹೊಸ ಮುಖದ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಗುಳ್ಳೆ ಎದ್ದರೆ ಸುಣ್ಣವಿದೆ ಎಂದರ್ಥ.

ಗುಳ್ಳೆ ಬಿಡದ ಒಳ್ಳೆ ಕಲ್ಲು ನಮ್ಮ ಮೂರೂ ಜಿಲ್ಲೆಯಲ್ಲಿ ಬೇಕಾದಷ್ಟಿದೆ. ಕಲಬುರಗಿಯ ಸುತ್ತಲಿನ ಕರಿಕಲ್ಲು ಚೆನ್ನಾಗಿದೆ. ಯಾದಗಿರಿ, ಸುರಪುರದ ಕಡೆಯ ಗ್ರಾನೈಟ್ ಕೂಡ. ಆ ದುಂಡು ಬಂಡೆಗಳ ಆಕಾರವೇ ಚೆಂದ. ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟವನ್ನು ನೋಡಿದವರಿಗೆ ತೊಟ್ಟಿಯಲ್ಲಿ ಕಲ್ಲು ಹೇಗೆ ಜೋಡಿಸಬೇಕು ಅಂತ ಬೇರೆ ಹೇಳಬೇಕಿಲ್ಲ. ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೀದರಿನ ಕೆಂಪು ಜಂಬಿಟ್ಟಿಗೆ, ಅಂದರೆ ಲ್ಯಾಟರೈಟ್. ಬೀದರ್ ಕೋಟೆಯ ಕಂದಕ ಕೊರೆದದ್ದು ಇದೇ ಬಂಡೆಯಲ್ಲಿ. ಇದರ ತುಂಬ ತೂತು, ಸಂದು. ಮಾಸ್ ಹಿಡಿದುಕೊಳ್ಳಲು, ಫರ್ನ್ ಬೇರು ಇಳಿಸಲು ಹೇಳಿ ಮಾಡಿಸಿದಂತಿದೆ. ಕಬ್ಬಿಣದ ಅಂಶ ಇರುವುದರಿಂದ ಹಿಂದೆ ಪ್ಲಾಂಟೆಡ್ ಟ್ಯಾಂಕ್ ಮಾಡುವವರು ಲ್ಯಾಟರೈಟನ್ನೇ ಜಲ್ಲಿಯ ಕೆಳಗೆ ಹರಡುತ್ತಿದ್ದರು. ಮೆದು ಕಲ್ಲು ಕೆಂಪು ಪುಡಿ ಉದುರಿಸುತ್ತದೆ, ಗಟ್ಟಿ ಚೂರು ನೋಡಿ ತಗೊಳ್ಳಿ. ಬಕೆಟ್ಟಿನಲ್ಲಿ ನೆನೆಸಿ, ನೀರು ತಿಳಿಯಾಗುವ ತನಕ ತೊಳೆಯಿರಿ. ಕೋಟೆಯ ಹತ್ತಿರದ ಕಲ್ಲು ಮಾತ್ರ ಮುಟ್ಟಬೇಡಿ. ಮನೆ ಕಟ್ಟಿದ ಕಡೆ ಉಳಿದ ಚೂರು ಕೇಳಿದರೆ ಸುಮ್ನೆ ಕೊಡುತ್ತಾರೆ.

ಮಾಸ್ ಕಟ್ಟುವಾಗ ತೆಳ್ಳಗೆ ಹರಡಬೇಕು. ನಾನು ಜಾವಾ ಮಾಸನ್ನು ಕತ್ತರಿಯಿಂದ ಸಣ್ಣಗೆ ಹೆಚ್ಚಿ, ಕಲ್ಲಿನ ಮೇಲೆ ಒಂದೇ ಪದರ ಹರಡಿ, ಹೊಲಿಗೆ ದಾರ ಸುತ್ತುತ್ತೇನೆ. ದಪ್ಪ ಮುದ್ದೆ ಮಾಡಿ ಕಟ್ಟಿದರೆ ಕೆಳಗಿನ ಪದರಕ್ಕೆ ಬೆಳಕು, ನೀರು ತಾಗದೆ ಕಂದು ತಿರುಗಿ ಕೊಳೆಯುತ್ತದೆ. ಆಮೇಲೆ ಮೇಲಿನ ಹಸಿರೂ ಹಿಡಿತ ಬಿಟ್ಟು ತೇಲುತ್ತದೆ. ಹತ್ತಿ ದಾರ ಕೆಲವು ವಾರದಲ್ಲಿ ಕೊಳೆತು ಹೋಗುತ್ತದೆ. ಜಾವಾ ಮಾಸ್ ಕಲ್ಲಿಗೆ ಅಷ್ಟು ಗಟ್ಟಿಯಾಗಿ ಅಂಟುವ ಜಾತಿಯಲ್ಲ, ಹಾಗಾಗಿ ಪಾಲಿಯೆಸ್ಟರ್ ದಾರ ಒಳ್ಳೆಯದು. ಕ್ರಿಸ್ಮಸ್ ಮಾಸ್ ಇದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ, ನೋಡಲೂ ಚೆಂದ, ಆದರೆ ಬೇಸಿಗೆಯಲ್ಲಿ ಮೊದಲು ಸೊರಗುವುದೂ ಅದೇ. ಶುರು ಮಾಡುವವರಿಗೆ ನಾನು ಜಾವಾ ಮಾಸನ್ನೇ ಹೇಳುತ್ತೇನೆ.

ಜಾವಾ ಫರ್ನ್‌ಗೆ ಒಂದೇ ನಿಯಮ. ಬೇರು, ಎಲೆ ಎರಡೂ ಹೊರಡುವ ಆ ಹಸಿರು ಗೆಡ್ಡೆಯಂಥ ಕಾಂಡವನ್ನು ಜಲ್ಲಿಯಲ್ಲಿ ಹೂಳಬಾರದು. ಹೂತರೆ ಕೊಳೆಯುತ್ತದೆ. ಕಲ್ಲಿಗೆ ಫೆವಿಕ್ವಿಕ್‌ನ ಒಂದು ಚುಕ್ಕಿ ಇಟ್ಟು ಅಂಟಿಸಿದರೆ ಸಾಕು, ಗಟ್ಟಿಯಾದ ಮೇಲೆ ಅದರಿಂದ ನೀರಿಗೆ ತೊಂದರೆ ಇಲ್ಲ. ಸ್ವಲ್ಪ ಕಾಲದ ನಂತರ ಹಳೆ ಎಲೆಯ ಹಿಂದೆ ಕಪ್ಪು ಚುಕ್ಕೆಗಳು ಸಾಲಾಗಿ ಕಾಣುತ್ತವೆ. ರೋಗ ಬಂತು ಅಂತ ಎಷ್ಟೋ ಜನ ಆ ಎಲೆ ಕಿತ್ತು ಬಿಸಾಡುತ್ತಾರೆ. ಬೀಜಕಗಳು ಇರುವ ಜಾಗ ಅದು. ಎಲೆಯ ತುದಿಯಲ್ಲಿ, ಅಂಚಿನಲ್ಲಿ ಸಣ್ಣ ಸಣ್ಣ ಮರಿಗಿಡಗಳೂ ಮೂಡುತ್ತವೆ. ಅವುಗಳಿಗೆ ಎರಡು ಮೂರು ಎಲೆ, ನಾಲ್ಕು ಬೇರು ಬಂದ ಮೇಲೆ ಬಿಡಿಸಿ ಬೇರೆ ಕಲ್ಲಿಗೆ ಅಂಟಿಸಬಹುದು. ಒಂದು ಗಿಡ ತಂದರೆ ಮತ್ತೆ ಕೊಳ್ಳುವುದೇ ಬೇಡ.

ವಾಟರ್ ಸ್ಪ್ರೈಟ್ ಕೂಡ ಫರ್ನ್ ಜಾತಿಯದೇ. ಇದನ್ನು ನಾನು ತೇಲಲು ಬಿಟ್ಟಿದ್ದೇನೆ. ಬೇಗ ಬೆಳೆಯುತ್ತದೆ, ಮೀನಿನ ಹೊಲಸಿನಿಂದ ಬರುವ ನೈಟ್ರೇಟ್ ಹೀರುತ್ತದೆ, ಕೆಳಗಿನ ಮಾಸ್‌ಗೆ ನೆರಳೂ ಕೊಡುತ್ತದೆ. ಆಫ್ರಿಕಾದ ಬೋಲ್ಬಿಟಿಸ್ ಫರ್ನ್ ಬಹಳ ಸುಂದರ, ಆದರೆ ತಂಪು, ಮೆದು, ಹರಿಯುವ ನೀರು ಕೇಳುತ್ತದೆ. ಇಲ್ಲಿ ಅದನ್ನು ಸಾಕುವ ಹಟ ಬೇಡ. ನಾಲ್ಕೆಲೆಯ ಮಾರ್ಸಿಲಿಯಾ ಫರ್ನ್ ನಾರಾಯಣಪುರ ನಾಲೆಯ ಕೆಳಗಿನ ಭತ್ತದ ಗದ್ದೆಗಳಂಥ ಒದ್ದೆ ನೆಲದಲ್ಲಿ ತಾನಾಗಿ ಬೆಳೆಯುವಂಥದ್ದು. ಗದ್ದೆಯಿಂದ ತಂದರೆ ಔಷಧಿ ಹೊಡೆದಿರುತ್ತಾರೆ ಎನ್ನುವುದು ನೆನಪಿರಲಿ. ಬೇರೆ ಬಕೆಟ್ಟಿನಲ್ಲಿ ನೀರು ಬದಲಿಸುತ್ತ ಕೆಲವು ವಾರ ಇಟ್ಟು ಆಮೇಲೆ ಹಾಕಿ.

ಈಗ ನೀರಿನ ಮಾತು. ನನ್ನ ಪ್ರಕಾರ ಇಲ್ಲಿಯ ತೊಟ್ಟಿ ಉಳಿಯುವುದು, ಹಾಳಾಗುವುದು ಇದರಲ್ಲೇ. ಬೇಸಿಗೆಯಲ್ಲಿ ಫ್ಯಾನ್ ಹಾಕಿದಾಗ ನನ್ನ ತೊಟ್ಟಿಯಿಂದ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು ಆವಿಯಾಗುತ್ತದೆ. ತಿಂಗಳಿಗೆ ಹಿಡಿದರೆ ಹತ್ತಿರ ಹತ್ತಿರ ಒಂದು ತೊಟ್ಟಿ ನೀರು. ಆವಿಯಾಗುವುದು ಬರೀ ನೀರು. ಸುಣ್ಣ, ಉಪ್ಪು ಎಲ್ಲ ಒಳಗೇ ಉಳಿಯುತ್ತದೆ. ನೀರಿನಲ್ಲಿ ಎಷ್ಟು ಲವಣ ಕರಗಿದೆ ಅಂತ ಅಳೆಯುವ ಟಿಡಿಎಸ್ ಮೀಟರಿನಲ್ಲಿ ನಮ್ಮ ಬೋರ್ ನೀರು 900ರ ಸುತ್ತ ತೋರಿಸುತ್ತದೆ. ತೊಟ್ಟಿ ತುಂಬಲೂ ಅದನ್ನೇ ಬಳಸಿ, ದಿನಾ ಅದನ್ನೇ ಸುರಿಯುತ್ತ ಹೋದರೆ ತಿಂಗಳ ಕೊನೆಗೆ ತೊಟ್ಟಿಯ ನೀರು 1800 ಮುಟ್ಟುತ್ತದೆ. ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ, ಗಿಡ ಮಾತ್ರ ಏಳುವುದಿಲ್ಲ. ಬಹಳ ಜನ ಇದನ್ನು ಬಿಸಿಲಿನ ತಲೆಗೆ ಕಟ್ಟುತ್ತಾರೆ.

ಅದಕ್ಕೆ ನಾನು ಮಾಡುವುದು ಇಷ್ಟು. ಮೊದಲು ತುಂಬಿಸುವಾಗ ಒಂದು ಪಾಲು ಬೋರ್ ನೀರಿಗೆ ಎರಡು ಪಾಲು ಆರ್‌ಒ ನೀರು. ಆಗ ಟಿಡಿಎಸ್ 300ರ ಆಸುಪಾಸು ಬರುತ್ತದೆ. ಎರಡು ವಾರಕ್ಕೊಮ್ಮೆ ಒಂದು ಬಕೆಟ್ ಬದಲಿಸುವಾಗಲೂ ಇದೇ ಲೆಕ್ಕ. ಆದರೆ ಆವಿಯಾದದ್ದನ್ನು ತುಂಬಲು ಬರೀ ಆರ್‌ಒ ನೀರು, ಅಥವಾ ಮಳೆ ನೀರು. ಮಿರಗದ (ಮೃಗಶಿರಾ) ಮಳೆ ಶುರುವಾಗಿ ಮಾಳಿಗೆಯ ಧೂಳು ತೊಳೆದು ಹೋದ ಮೇಲೆ ಹಿಡಿದ ನೀರು ಮಾಸ್‌ಗೆ ಬಹಳ ಒಳ್ಳೆಯದು. ಆರ್‌ಒ ಮಷೀನಿನ ವೇಸ್ಟ್ ಪೈಪಿನ ನೀರು ಹಾಕಬೇಡಿ, ಅದು ಬೋರ್ ನೀರಿಗಿಂತಲೂ ಗಡಸು. ಮಾಳಿಗೆ ಟ್ಯಾಂಕಿನ ನೀರನ್ನು ಮಧ್ಯಾಹ್ನ ನೇರವಾಗಿ ಹಾಕುವುದೂ ಬೇಡ. ರಾತ್ರಿ ಬಕೆಟ್ಟಿನಲ್ಲಿ ಹಿಡಿದಿಟ್ಟು ಬೆಳಿಗ್ಗೆ ಹಾಕಿ.

ಇನ್ನು ಜಳ. ಮಾಸ್, ಜಾವಾ ಫರ್ನ್ ಎರಡೂ 20ರಿಂದ 28 ಡಿಗ್ರಿಯಲ್ಲಿ ಖುಷಿಯಾಗಿರುತ್ತವೆ, 30ರವರೆಗೆ ತಡೆಯುತ್ತವೆ. ಅದಕ್ಕಿಂತ ಮೇಲೆ ದಿನಗಟ್ಟಲೆ ನಿಂತರೆ ಮಾಸ್ ಕಂದು ತಿರುಗುತ್ತದೆ. ನೀರು ತಂಪು ಮಾಡುವ ಚಿಲ್ಲರ್ ಮಷೀನು ದುಬಾರಿ, ಅದರ ಅಗತ್ಯವೂ ಇಲ್ಲ. ಮುಚ್ಚಳ ತೆಗೆದು, ಮೀನು ಹಾರದಂತೆ ಜಾಲರಿ ಹಾಕಿ, ಸಣ್ಣ ಯುಎಸ್‌ಬಿ ಫ್ಯಾನಿನ ಗಾಳಿ ನೀರಿನ ಮೇಲ್ಮೈಗೆ ಓರೆಯಾಗಿ ಬೀಸುವಂತೆ ಇಡಿ. ಕೂಲರ್ ಕೆಲಸ ಮಾಡುವ ರೀತಿಯೇ ಇದು. ನಮ್ಮ ಬೇಸಿಗೆ ಒಣ ಬೇಸಿಗೆ ಆದ್ದರಿಂದ ಎರಡರಿಂದ ನಾಲ್ಕು ಡಿಗ್ರಿ ಇಳಿಯುತ್ತದೆ. ಮಂಗಳೂರಿನಂಥ ಕಡಲ ಊರಿನಲ್ಲಿ ಇಷ್ಟು ಫಲ ಸಿಗುವುದಿಲ್ಲ. ದೀಪವನ್ನು ಬೇಸಿಗೆಯಲ್ಲಿ ಸಂಜೆ ಐದರಿಂದ ಹನ್ನೊಂದಕ್ಕೆ ಬದಲಿಸುತ್ತೇನೆ. ಮಂಜುಗಡ್ಡೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಒಮ್ಮೆಲೇ ತಂಪಾಗಿ ಒಮ್ಮೆಲೇ ಬಿಸಿಯಾಗುತ್ತದೆ.

ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. 20 ಡಿಗ್ರಿಯ ಒಂದು ಲೀಟರಿನಲ್ಲಿ ಸುಮಾರು 9 ಮಿಲಿಗ್ರಾಂ ಹಿಡಿಯುವುದು 30 ಡಿಗ್ರಿಗೆ ಏಳೂವರೆಗೆ ಇಳಿಯುತ್ತದೆ. ರಾತ್ರಿ ಗಿಡಗಳೂ ಆಮ್ಲಜನಕವನ್ನೇ ಬಳಸುತ್ತವೆ. ಅದಕ್ಕೇ ಮೀನು ಕಡಿಮೆ ಇರಲಿ. ನನ್ನಲ್ಲಿ ಕೆಲವು ಗಪ್ಪಿಗಳಷ್ಟೇ. ಗಡಸು ನೀರು ಅವಕ್ಕೆ ಒಗ್ಗುತ್ತದೆ. ಕರೆಂಟ್ ಹೋದಾಗ ಏರ್ ಪಂಪ್ ನಿಲ್ಲದಂತೆ ಇನ್ವರ್ಟರ್ ಲೈನಿಗೆ ಕೊಟ್ಟಿದ್ದೇನೆ.

ಉಳಿದ ಕೆಲಸ ಅಂತ ದೊಡ್ಡದೇನಿಲ್ಲ. ಮಾಸ್ ಒಳಗೆ ಕಸ ಕೂರುತ್ತದೆ. ನೀರು ಬದಲಿಸುವಾಗ ಹೊರತೆಗೆದ ತೊಟ್ಟಿ ನೀರಿನಲ್ಲೇ ಕಲ್ಲನ್ನು ಅಲ್ಲಾಡಿಸಿ ಒಳಗಿಡುತ್ತೇನೆ. ದಾರದಂಥ ಪಾಚಿ ಮಾಸ್ ಒಳಗೆ ಹೆಣೆದುಕೊಂಡರೆ ಬಿಡಿಸುವುದು ಕಷ್ಟ, ಆ ಭಾಗ ಕತ್ತರಿಸಿ ತೆಗೆಯುವುದೇ ವಾಸಿ. ಆಮೇಲೆ ದೀಪದ ಹೊತ್ತು ಒಂದು ಗಂಟೆ ಇಳಿಸಿ, ಮೀನಿನ ಆಹಾರ ಕಡಿಮೆ ಮಾಡಿ. ಲಿಕ್ವಿಡ್ ಕಾರ್ಬನ್ ಅಂತ ಮಾರುವ ಔಷಧಿ ಪಾಚಿಗೆ ಹಾಕುತ್ತಾರೆ, ಪ್ರಮಾಣ ಸ್ವಲ್ಪ ಮೀರಿದರೂ ಮಾಸ್‌ಗೇ ಪೆಟ್ಟು. ನಾನು ಬಳಸುವುದಿಲ್ಲ.

ಗಿಡ ತರಿಸುವುದಿದ್ದರೆ ನವೆಂಬರಿನಿಂದ ಜನವರಿ ಒಳಗೆ ತರಿಸಿ. ಬೆಂಗಳೂರು, ಹೈದರಾಬಾದಿನಿಂದ ಕೊರಿಯರ್ ಬರುವಾಗ ಮೇ ತಿಂಗಳ ಲಾರಿಯಲ್ಲಿ ಮಾಸ್ ಬೆಂದೇ ಹೋಗುತ್ತದೆ. ಚಳಿಗಾಲದಲ್ಲಿ ಬಂದ ಗಿಡಕ್ಕೆ ಬೇಸಿಗೆಗೆ ಮುಂಚೆ ಕಲ್ಲು ಹಿಡಿಯಲು ಮೂರು ನಾಲ್ಕು ತಿಂಗಳು ಸಿಗುತ್ತದೆ. ಹೊಸ ಜಾವಾ ಫರ್ನ್‌ನ ಹಳೆ ಎಲೆ ಕಪ್ಪಾದರೆ ಗಾಬರಿ ಬೇಡ, ಕಾಂಡ ಗಟ್ಟಿಯಾಗಿ ಹಸಿರಾಗಿದ್ದರೆ ಹೊಸ ಎಲೆ ಬರುತ್ತದೆ.

ಕತ್ತರಿಸಿದ ಮಾಸ್ ಯಾರಾದರೂ ಕೇಳಿದರೆ ಒದ್ದೆ ಪೇಪರಿನಲ್ಲಿ ಸುತ್ತಿ ಡಬ್ಬಿಯಲ್ಲಿ ಹಾಕಿ ಕೊಡುತ್ತೇನೆ. ಯಾರೂ ಕೇಳದಿದ್ದರೆ ಪೂರ್ತಿ ಒಣಗಿಸಿ ಹೂವಿನ ಕುಂಡಕ್ಕೆ. ನಮ್ಮೂರಿನ ಅಪ್ಪನ ಕೆರೆಗಾಗಲಿ, ಯಾವ ನಾಲೆಗಾಗಲಿ ತೊಟ್ಟಿಯ ಗಿಡ ಎಸೆಯಬೇಡಿ. ಬ್ರೆಜಿಲ್ ಮೂಲದ ಸಾಲ್ವಿನಿಯಾ ಮೊಲೆಸ್ಟಾ ಕೂಡ ಒಂದು ಫರ್ನೇ, ಕೇರಳದ ಹಿನ್ನೀರನ್ನು ಹೊದ್ದುಕೊಂಡು ದೋಣಿ ಹೋಗದಂತೆ ಮಾಡಿದ್ದು ಅದು. ಅಂಗಡಿಯಲ್ಲಿ ತೇಲುವ ಗಿಡ ಕೊಳ್ಳುವಾಗ ಅದನ್ನು ಕೊಟ್ಟರೆ ಬೇಡ ಅನ್ನಿ.