ಸ್ಪ್ಯಾನಿಷ್ ಮಾತಾಡುವವರಿಗೆ ಇಂಗ್ಲಿಷ್: ಗೊತ್ತಿರುವ ಪದದಿಂದಲೇ ಶುರು ಮಾಡಿ

ಅಮೆರಿಕದ ಎಷ್ಟೋ ಪಬ್ಲಿಕ್ ಲೈಬ್ರರಿಗಳಲ್ಲಿ ಉಚಿತ ಇಂಗ್ಲಿಷ್ ತರಗತಿ ನಡೆಯುತ್ತದೆ. ಮೆಕ್ಸಿಕೊ, ಗ್ವಾಟೆಮಾಲಾ, ಕೊಲಂಬಿಯಾ ಕಡೆಯಿಂದ ಬಂದವರು ಕೆಲಸ ಮುಗಿಸಿ ಅಲ್ಲಿ ಕಲಿಯಲು ಕೂರುತ್ತಾರೆ. ನೀವೂ ಅಂಥ ಊರಲ್ಲಿದ್ದು, ವಾರಕ್ಕೊಂದು ಗಂಟೆ ಕಲಿಸಲು ಒಪ್ಪಿಕೊಂಡಿದ್ದರೆ ಒಂದು ಮಾತು. ದಯವಿಟ್ಟು ‘ಎ ಫಾರ್ ಆ್ಯಪಲ್’ನಿಂದ ಶುರು ಮಾಡಬೇಡಿ. ದೊಡ್ಡವರನ್ನು ಹಾಗೆ ಕೂರಿಸಿದರೆ ಅವರಿಗೆ ಮುಜುಗರ. ಅದರ ಅಗತ್ಯವೂ ಇಲ್ಲ. ನೂರಾರು ಇಂಗ್ಲಿಷ್ ಪದಗಳು ಅವರಿಗೆ ಆಗಲೇ ಗೊತ್ತು.

ಹೆಜ್ಜೆ 1: ಕಣ್ಣಿಗೆ ಪರಿಚಯವಿರುವ ಪದಗಳು

ಹಾಸ್ಪಿಟಲ್, ಡಾಕ್ಟರ್, ಅನಿಮಲ್, ಐಡಿಯಾ, ಚಾಕೊಲೇಟ್. ಇವುಗಳ ಸ್ಪೆಲ್ಲಿಂಗ್ ಎರಡೂ ಭಾಷೆಯಲ್ಲಿ ಒಂದೇ. ಸ್ಪ್ಯಾನಿಷ್ ಹುಟ್ಟಿದ್ದು ಲ್ಯಾಟಿನ್‌ನಿಂದ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಮೂಲಕ ಲ್ಯಾಟಿನ್ ಪದಗಳು ಇಂಗ್ಲಿಷಿಗೂ ರಾಶಿ ರಾಶಿ ಬಂದವು. ಇಂಥ ಇಪ್ಪತ್ತು ಪದ ಬರೆದುಕೊಡಿ, ಅವರೇ ಓದಲಿ. ಆಮೇಲೆ ಪದದ ಬಾಲ ತೋರಿಸಿ. ಸ್ಪ್ಯಾನಿಷ್‌ನ ‘ಉನಿವೆರ್ಸಿದಾದ್’ ಇಲ್ಲಿ ಯೂನಿವರ್ಸಿಟಿ, ‘ಇನ್ಫೊರ್ಮಾಸಿಯೋನ್’ ಇಲ್ಲಿ ಇನ್ಫರ್ಮೇಶನ್. ಈ ಎರಡು ಬಾಲ ಹಿಡಿದರೆ ಪದಗಳು ಗೊಂಚಲಾಗಿ ಸಿಗುತ್ತವೆ.

ಹೆಜ್ಜೆ 2: ಅದೇ ಪದ ಕಿವಿಗೆ

ಸ್ಪ್ಯಾನಿಷ್ ನಮ್ಮ ಕನ್ನಡದ ಹಾಗೆ, ಹೆಚ್ಚುಕಡಿಮೆ ಬರೆದಂತೆ ಓದುವ ಭಾಷೆ. ಆದರೆ ‘ಎಚ್’ಗೆ ಸದ್ದಿಲ್ಲ, ಹಾಸ್ಪಿಟಲ್ ಅವರಿಗೆ ‘ಓಸ್ಪಿತಾಲ್’. ಅದಕ್ಕೇ ಕಣ್ಣಿಗೆ ಗೊತ್ತಿದ್ದ ಪದ ಕಿವಿಗೆ ಗೊತ್ತಾಗುವುದಿಲ್ಲ. ಪ್ರತಿ ಪದವನ್ನೂ ಗಟ್ಟಿಯಾಗಿ ಹೇಳಿಸಿ. ಸ್ಕೂಲ್ ಅನ್ನು ಅವರು ‘ಎಸ್ಕೂಲ್’ ಎನ್ನುತ್ತಾರೆ. ನಮ್ಮ ಹಳ್ಳಿಗಳ ‘ಇಸ್ಕೂಲು’ ನೆನಪಾಗುತ್ತದೆ, ಅಲ್ವಾ? ‘ಸ್ಸ್ಸ್’ ಎಂದು ಉದ್ದಕ್ಕೆ ಎಳೆದು, ಆಮೇಲೆ ‘ಕೂಲ್’ ಸೇರಿಸಲು ಹೇಳಿ.

ಹೆಜ್ಜೆ 3: ಓದು, ಬೆರಳಿಟ್ಟು ತೋರಿಸು

ಇದಕ್ಕೆ ಜಾಸ್ತಿ ಸಮಯ ಕೊಡಿ. ಸಣ್ಣ ಪ್ಯಾರಾ ನೀವೇ ಬರೆಯಿರಿ: ‘ಆನಾ ವರ್ಕ್ಸ್ ಇನ್ ಎ ಹಾಸ್ಪಿಟಲ್. ಹರ್ ಬ್ರದರ್ ಲೂಯಿಸ್ ಡ್ರೈವ್ಸ್ ಎ ಬಸ್. ಆನ್ ಸಂಡೇ, ಹಿ ಕುಕ್ಸ್ ಆ್ಯಂಡ್ ಶಿ ರೆಸ್ಟ್ಸ್.’ ಭಾನುವಾರ ಅಡುಗೆ ಮಾಡುವವರು ಯಾರು ಎಂದು ಕೇಳಿ. ‘ಆನಾ’ ಎಂಬ ಉತ್ತರ ಬಂದರೆ ಅದು ದಡ್ಡತನವಲ್ಲ. ಸ್ಪ್ಯಾನಿಷ್‌ನಲ್ಲಿ ಅವನು, ಅವಳು ಎಂಬ ಪದಗಳನ್ನು ಬಿಟ್ಟೇ ಮಾತಾಡುವುದು ರೂಢಿ. ಅವನ, ಅವಳ ಎರಡಕ್ಕೂ ‘ಸು’ ಎಂಬ ಒಂದೇ ಪದ. ಹಾಗಾಗಿ ಕಣ್ಣು ‘ಹಿ’, ‘ಶಿ’ಗಳನ್ನು ದಾಟಿ ಹೋಗುತ್ತದೆ. ಅವುಗಳಿಗೆಲ್ಲ ಸುತ್ತು ಹಾಕಿಸಿ, ಹೆಸರಿನ ತನಕ ಬಾಣ ಎಳೆಸಿ.

ಉತ್ತರ ಸರಿಯಿದ್ದರೂ ಸುಮ್ನೆ ತಲೆಯಾಡಿಸಬೇಡಿ. ‘ಯಾವ ಸಾಲು ಹಾಗೆ ಹೇಳಿತು?’ ಎಂದು ಕೇಳಿ. ಅವರು ಆ ಸಾಲಿನ ಮೇಲೆ ಬೆರಳಿಡಬೇಕು. ಊಹೆಯೋ ಓದಿದ್ದೋ ಅಲ್ಲೇ ತಿಳಿಯುತ್ತದೆ. ಅರ್ಥವಾಗದ ಪದಗಳನ್ನು ಚೀಟಿಗೆ ಬರೆದು ಮರುದಿನ, ಮೂರನೇ ದಿನ, ವಾರದ ಮೇಲೆ ಮತ್ತೆ ನೋಡಲಿ.

ಹೆಜ್ಜೆ 4: ಮೋಸದ ಪದಗಳು

ಇವುಗಳಿಗೆ ಕೆಂಪು ಚೀಟಿ. ‘ಎಂಬಾರಾಸಾದಾ’ ಎಂದರೆ ಮುಜುಗರ ಪಟ್ಟವಳಲ್ಲ, ಗರ್ಭಿಣಿ. ‘ಲಿಬ್ರೆರಿಯಾ’ ಲೈಬ್ರರಿಯಲ್ಲ, ಪುಸ್ತಕದಂಗಡಿ. ‘ಎಕ್ಸಿತೊ’ ಬಾಗಿಲ ಮೇಲಿನ ಎಕ್ಸಿಟ್ ಅಲ್ಲ, ಗೆಲುವು.

ಒಂದು ಪದವನ್ನಂತೂ ಮೊದಲ ವಾರವೇ ಕಲಿಸಿ. ಮಾತ್ರೆ ಡಬ್ಬಿಯ ಮೇಲೆ ದಿನಕ್ಕೆ ಒಂದು ಸಲ ಎನ್ನಲು ‘ಒನ್ಸ್’ (once) ಎಂದಿರುತ್ತದೆ. ಅದೇ ನಾಲ್ಕು ಅಕ್ಷರ ಸ್ಪ್ಯಾನಿಷ್‌ನಲ್ಲಿ ‘ಓನ್ಸೆ’, ಅಂದರೆ ಹನ್ನೊಂದು. ಖಾಲಿ ಡಬ್ಬಿಯೊಂದನ್ನು ತರಗತಿಗೆ ತನ್ನಿ, ಲೇಬಲ್ ಓದಿಸಿ. ಮಾತ್ರೆ ಬದಲು ಕಡಲೆಕಾಳು ಕೊಟ್ಟು, ಇವತ್ತು ಎಷ್ಟು ನುಂಗಬೇಕೋ ಅಷ್ಟನ್ನು ಮೇಜಿನ ಮೇಲೆ ಇಡಲು ಹೇಳಿ. ಎಲ್ಲರೂ ಒಂದೇ ಕಾಳು ಇಡುವ ತನಕ ಮುಂದಿನ ಪಾಠಕ್ಕೆ ಹೋಗಬೇಡಿ.