ಹಳೆ ಅಂಬಾಸಿಡರ್‌ಗೆ ಮುಂದೆ ಡಿಸ್ಕ್ ಬ್ರೇಕ್: ಜಾಮ್ ಆಗದಂತೆ ಜೋಡಿಸುವುದು ಹೇಗೆ

ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಅಂಬಾಸಿಡರ್‌ನಲ್ಲಿ ಡಿಸ್ಕ್, ಅದನ್ನು ಪ್ಯಾಡ್‌ಗಳಿಂದ ಹಿಡಿಯುವ ಕ್ಯಾಲಿಪರ್ ಕೂರಿಸುವುದು ಸುಲಭದ ಭಾಗ. ತಲೆನೋವೆಲ್ಲ ಪೆಡಲ್ ತುಳಿತವನ್ನು ಬ್ರೇಕ್ ಆಯಿಲ್‌ನ ಒತ್ತಡವಾಗಿಸುವ ಮಾಸ್ಟರ್ ಸಿಲಿಂಡರ್‌ನದು.

ಡ್ರಮ್‌ಗೆಂದು ಮಾಡಿದ ಸಿಲಿಂಡರ್‌ನಲ್ಲಿ ಸಾಮಾನ್ಯವಾಗಿ ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಉಳಿಸುವ ವಾಲ್ವ್ ಇರುತ್ತದೆ. ಅದನ್ನೇ ಡಿಸ್ಕ್‌ಗೆ ಕೊಟ್ಟರೆ ಪ್ಯಾಡ್ ಉಜ್ಜುತ್ತಲೇ ಇದ್ದು ಚಕ್ರ ಕಾಯುತ್ತದೆ. ಡಿಸ್ಕ್-ಡ್ರಮ್ ಎರಡಕ್ಕೂ ಹೊಂದುವ, ಹಿಂದೆ-ಮುಂದೆ ಬೇರೆ ಬೇರೆ ಲೈನ್ ಇರುವ ಟ್ಯಾಂಡೆಮ್ ಸಿಲಿಂಡರ್ ಹಾಕಿ; ಒಂದು ಪೈಪ್ ಒಡೆದರೂ ಇನ್ನೊಂದು ಜೋಡಿ ಚಕ್ರ ಹಿಡಿಯುತ್ತದೆ. ಸಿಲಿಂಡರ್ ಕ್ಯಾಲಿಪರ್‌ಗಿಂತ ಕೆಳಗೆ, ನೆಲದಡಿಯೇ ಉಳಿಯುವುದಾದರೆ ಮುಂದಿನ ಲೈನ್‌ಗೆ 2 ಪಿಎಸ್‌ಐ ಒತ್ತಡವನ್ನಷ್ಟೇ ಉಳಿಸುವ ವಾಲ್ವ್ ಬೇಕು. ಇಲ್ಲದಿದ್ದರೆ ಆಯಿಲ್ ಹಿಂದಕ್ಕಿಳಿದು ಪೆಡಲ್ ಎರಡು ಸಲ ತುಳಿಯಬೇಕಾಗುತ್ತದೆ.

ಪೆಡಲ್‌ನಿಂದ ಬರುವ ಪುಶ್‌ರಾಡ್‌ಗೂ ಸಿಲಿಂಡರ್‌ನ ಪಿಸ್ಟನ್‌ಗೂ ನಡುವೆ ಸುಮಾರು 1 ಮಿ.ಮೀ. ಸಡಿಲ ಬಿಡಿ. ಸಡಿಲವಿಲ್ಲದಿದ್ದರೆ ಆಯಿಲ್ ವಾಪಸಾಗುವ ರಂಧ್ರ ಮುಚ್ಚಿಕೊಂಡೇ ಇರುತ್ತದೆ. ಬಿಸಿಗೆ ಆಯಿಲ್ ಹಿಗ್ಗಿ ಬ್ರೇಕ್ ತಾನಾಗಿಯೇ ಹಿಡಿಯುತ್ತದೆ. ಹೊಸ ಕ್ಯಾಲಿಪರ್ ಮೇಲೆ ಸುಮ್ಮನೆ ಅನುಮಾನ ಬರುವುದು ಇಂಥ ಹೊತ್ತಿನಲ್ಲೇ.

ಪೈಪ್ 4.75 ಮಿ.ಮೀ. ತಾಮ್ರ-ನಿಕಲ್‌ದಿರಲಿ, ತುದಿಯನ್ನು ಅಗಲಿಸಿ ಎರಡು ಪದರವಾಗಿ ಮಡಚಿ (ಡಬಲ್ ಫ್ಲೇರ್). ಬರೀ ತಾಮ್ರ ಅದುರಿ ಅದುರಿ ಬಿರುಕು ಬಿಡುತ್ತದೆ. ಹಳೆ ಬ್ರೇಕ್ ಲೈನರ್‌ನ ಧೂಳಿನಲ್ಲಿ ಶ್ವಾಸಕೋಶಕ್ಕೆ ಕೆಡುಕಾದ ಆಸ್ಬೆಸ್ಟಾಸ್ ಇರಬಹುದು: ಏರ್ ಹೊಡೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಹಿಂದಿನ ಡ್ರಮ್‌ಗಳ ಶೂ ಅಡ್ಜಸ್ಟ್ ಮಾಡಿದ ಮೇಲೆ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ತುಂಬಿ, ದೂರದ ಚಕ್ರದಿಂದ ಏರ್ ತೆಗೆಯುತ್ತ ಬನ್ನಿ. ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ. ಮೆಲ್ಲಗೆ ಇಳಿದರೆ ಎಲ್ಲೋ ಸೋರಿಕೆಯಿದೆ, ಗಾಡಿ ಹೊರಗೆ ತೆಗೆಯಬೇಡಿ. ಖಾಲಿ ಮೈದಾನದಲ್ಲಿ ನಿಧಾನವಾಗಿ ಓಡಿಸಿ ನೋಡುವಾಗ ಹಿಂದಿನ ಚಕ್ರ ಮೊದಲು ಲಾಕ್ ಆದರೆ, ಹಿಂದಿನ ಲೈನ್‌ಗೆ ಪ್ರಪೋರ್ಷನಿಂಗ್ ವಾಲ್ವ್ ಹಾಕಿ ಒತ್ತಡ ಇಳಿಸಿ.